ರೋಗಿಯ ಮಗ್ಗುಲಲ್ಲಿ ಕೂತವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರೋಗಿಗಳು ಬರೆದವಲ್ಲ, ರೋಗಿಯ ಮಗ್ಗುಲಲ್ಲಿ ಕೂತವರು ಬರೆದವು. ಔಷಧದ ಬಗ್ಗೆ ಕೇಳಿದವರು ಕಡಿಮೆ. ನಿದ್ದೆ, ಭಯ, ಗದ್ದಲ, ಮಂಕು, ಸುಸ್ತು ಇವುಗಳ ಬಗ್ಗೆಯೇ ಹೆಚ್ಚು ಜನ ಕೇಳಿದ್ದಾರೆ. ಇವನ್ನೆಲ್ಲ ಚಿಲ್ಲರೆ ದೂರು ಎಂದು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. ಆದರೆ ಶುಶ್ರೂಷಾ ಸಂಶೋಧನೆ ಅರ್ಧ ಶತಮಾನದಿಂದ ಅಳೆದು ತೋರಿಸುತ್ತಿರುವುದೇ ಬೇರೆ: ರೋಗಿ ಎಷ್ಟು ಬೇಗ ಎದ್ದು ಮನೆಗೆ ಹೋಗುತ್ತಾನೆ ಎಂಬುದನ್ನು ಗುಳಿಗೆಯ ಜೊತೆ ಇವೂ ತೀರ್ಮಾನಿಸುತ್ತವೆ. ಅದಕ್ಕೇ ಈ ಬಾರಿ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ಸಿಸ್ಟರ್, ನಮ್ಮ ತಂದೆಗೆ 76 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಗಿದೆ ಎಂದರು. ಎರಡನೇ ರಾತ್ರಿಯಿಂದ ಅವರು ಅವರಾಗಿಲ್ಲ. ತೀರಿಹೋದ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ ಅಂತಾರೆ, ಡ್ರಿಪ್ ಕೀಳಲು ಹೋಗುತ್ತಾರೆ. ಬೆಳಿಗ್ಗೆ ಸ್ವಲ್ಪ ಸರಿ, ಸಂಜೆಯಾದರೆ ಮತ್ತೆ ಶುರು. ಊರಿಂದ ಬಂದವರು ಗಾಳಿ ಸೋಕಿದೆ ಅಂತ ತಾಯಿತ ತಂದಿದ್ದಾರೆ. ಅರಳುಮರಳು ಶುರುವಾಯಿತೇ ಎಂದು ನಮಗೆ ಭಯ.
ಓದುಗರು, ಶಿವಮೊಗ್ಗ

ಗಾಳಿಯೂ ಅಲ್ಲ, ಬಹುಮಟ್ಟಿಗೆ ಅರಳುಮರಳೂ ಅಲ್ಲ. ನೀವು ಬರೆದಿರುವುದನ್ನು ನೋಡಿದರೆ ಇದು ಡೆಲಿರಿಯಂ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಒಂದು ಥರ, ರಾತ್ರಿ ಒಂದು ಥರ ಇರುವುದೇ ಅದರ ಗುರುತು. ಸೊಂಟದ ಮೂಳೆಯ ಆಪರೇಷನ್ ಆದ ಹಿರಿಯರಲ್ಲಿ ಇದು ತೀರಾ ಸಾಮಾನ್ಯ. ಸಾಮಾನ್ಯ ಎಂದ ಮಾತ್ರಕ್ಕೆ ಸುಮ್ಮನಿರಬೇಡಿ. ಈ ಪುಟ ಓದಿ ಮುಗಿಸುವ ಮೊದಲೇ ಡ್ಯೂಟಿ ಡಾಕ್ಟರಿಗೆ ತಿಳಿಸಿ. ದೇಹದಲ್ಲಿ ಏನೋ ಏರುಪೇರಾಗಿದೆ ಎಂದು ಮಿದುಳು ಹೇಳುತ್ತಿದೆ: ಸೋಂಕು, ಕಟ್ಟಿಕೊಂಡ ಮೂತ್ರ, ನಾಲ್ಕು ದಿನದಿಂದ ಆಗದ ಮಲವಿಸರ್ಜನೆ, ರಕ್ತದಲ್ಲಿ ಕುಸಿದ ಸೋಡಿಯಂ, ಶಮನವಾಗದ ನೋವು, ಹೊಸದಾಗಿ ಕೊಟ್ಟ ನಿದ್ದೆ ಗುಳಿಗೆ. ಯಾವುದು ಕಾರಣವೋ ಅದಕ್ಕೆ ಚಿಕಿತ್ಸೆ ಆಗಬೇಕು.

ಇನ್ನೊಂದು ಮಾತು. ಮನೆಯವರು ಮುಜುಗರಪಟ್ಟು ಮುಚ್ಚಿಡುವ ವಿಷಯವಾದ್ದರಿಂದ ನಾನೇ ಕೇಳುತ್ತೇನೆ: ತಂದೆಯವರಿಗೆ ದಿನವೂ ಕುಡಿಯುವ ಅಭ್ಯಾಸವಿತ್ತೇ? ಆಸ್ಪತ್ರೆ ಸೇರಿ ಕುಡಿತ ಒಮ್ಮೆಲೇ ನಿಂತರೆ ಎರಡು ಮೂರು ದಿನಕ್ಕೆ ಕೈ ನಡುಗುವುದು, ಬೆವರುವುದು, ಇಲ್ಲದವರು ಕಾಣುವುದು ಶುರುವಾಗಬಹುದು. ಅದರ ಚಿಕಿತ್ಸೆಯೇ ಬೇರೆ, ತಡವಾದರೆ ಜೀವಕ್ಕೆ ಅಪಾಯ. ಡಾಕ್ಟರ ಹತ್ತಿರ ನಿಜ ಹೇಳಿ.

ಅಮೆರಿಕದ ಯೇಲ್‌ನಲ್ಲಿ ಡಾ. ಶರನ್ ಇನೌಯೆ ಮತ್ತು ಸಂಗಡಿಗರು 70 ದಾಟಿದ 852 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೊಸ ಔಷಧವೇನೂ ಇರಲಿಲ್ಲ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಆಗಾಗ ನೆನಪಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಸುವುದು, ನೀರು ಕುಡಿಸುವುದು, ಹಾಸಿಗೆಯಿಂದ ಬೇಗ ಎಬ್ಬಿಸಿ ಓಡಾಡಿಸುವುದು, ರಾತ್ರಿ ಗುಳಿಗೆ ಕೊಡುವ ಬದಲು ಬಿಸಿ ಹಾಲು ಕೊಟ್ಟು, ಬೆನ್ನು ನೀವಿ, ಸದ್ದು ಕಡಿಮೆ ಮಾಡಿ ಮಲಗಿಸುವುದು ಇಷ್ಟೇ. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 15 ಜನರಿಗೆ ಡೆಲಿರಿಯಂ ಬಂದರೆ ಈ ಆರೈಕೆ ಪಡೆದವರಲ್ಲಿ ಬಂದದ್ದು ಶೇ 9.9 ಜನರಿಗೆ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಒಮ್ಮೆ ಬಂದ ಮೇಲೆ ಇದರಿಂದ ಅದರ ತೀವ್ರತೆಯೇನೂ ತಗ್ಗಲಿಲ್ಲ. ಅಂದರೆ ಬರುವ ಮುನ್ನ ತಡೆಯುವುದೇ ಮುಖ್ಯ. ಮುಂದೆ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ ಮೊದಲ ದಿನದಿಂದಲೇ ಇಷ್ಟನ್ನು ಮಾಡಿ.

ಈಗ ತಂದೆಯವರ ಬಳಿ ಅವರಿಗೆ ಹೆಚ್ಚು ಸಲುಗೆಯಿರುವ ಒಬ್ಬರೇ ಕೂರಿ. ಹೊತ್ತಿಗೊಬ್ಬರಂತೆ ಬದಲಾಗಬೇಡಿ. ಕನ್ನಡಕ ಹಾಕಿಸಿ, ಹಲ್ಲುಸೆಟ್ ಇದ್ದರೆ ಇಡಿಸಿ. ಹಗಲಲ್ಲಿ ಪರದೆ ಸರಿಸಿ ಬೆಳಕು ಬರಲಿ. ಅಣ್ಣ ನಿಂತಿದ್ದಾನೆ ಎಂದರೆ ವಾದಕ್ಕೆ ಇಳಿಯಬೇಡಿ, ಹೌದೆಂದೂ ಹೇಳಬೇಡಿ. 'ನಾನಿದ್ದೇನೆ ಅಪ್ಪ, ಇದು ಆಸ್ಪತ್ರೆ, ಸೊಂಟಕ್ಕೆ ಆಪರೇಷನ್ ಆಗಿದೆ' ಅನ್ನಿ. ಕೈಕಾಲು ಕಟ್ಟಿಹಾಕಲು ಒಪ್ಪುವ ಮುನ್ನ ಬೇರೆ ದಾರಿ ಇದೆಯೇ ಎಂದು ಸಿಸ್ಟರನ್ನು ಕೇಳಿ. ಕಟ್ಟಿದರೆ ಗಾಬರಿ ಇನ್ನೂ ಏರುತ್ತದೆ. ಇನ್ನು, ಗಲಾಟೆ ಮಾಡದೆ ಮಂಕಾಗಿ, ಅರೆನಿದ್ದೆಯಲ್ಲಿ ಬಿದ್ದುಕೊಂಡಿರುವ ಡೆಲಿರಿಯಂ ಕೂಡ ಇದೆ. 'ಪಾಪ, ಸುಮ್ಮನೆ ಮಲಗಿದ್ದಾರೆ' ಎಂದು ಅದು ಎಲ್ಲರ ಕಣ್ಣು ತಪ್ಪಿಸುತ್ತದೆ.

ಹತ್ತು ದಿನ ವಾರ್ಡಿನಲ್ಲಿದ್ದೆ. ಜ್ವರಕ್ಕಿಂತ ನಿದ್ದೆಗೇಡು ನನ್ನನ್ನು ಹೆಚ್ಚು ಹಣ್ಣು ಮಾಡಿತು. ರಾತ್ರಿಯಿಡೀ ಲೈಟು, ಟ್ರಾಲಿ ಸದ್ದು, ಪಕ್ಕದವರ ಮೊಬೈಲು. ಇದನ್ನು ಹೇಳಿಕೊಂಡರೆ ನಗುತ್ತಾರೆ.
ಓದುಗರು, ಹುಬ್ಬಳ್ಳಿ

ನಗುವ ವಿಷಯವಲ್ಲ. ಅನಗತ್ಯ ಸದ್ದು ರೋಗಿಗೆ ಮಾಡುವ ಹಾನಿಯ ಬಗ್ಗೆ ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದರು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ವಾರ್ಡಿನ ರಾತ್ರಿಯ ಸದ್ದು ಸರಾಸರಿ 30 ಡೆಸಿಬೆಲ್ ಮೀರಬಾರದು ಎಂದಿತು. ಪಿಸುಮಾತಿನಷ್ಟು, ಅಷ್ಟೇ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು 2005ರಲ್ಲಿ ಹಳೆಯ ಅಳತೆಗಳನ್ನೆಲ್ಲ ಕಲೆಹಾಕಿ ನೋಡಿದಾಗ, 1960ರಲ್ಲಿ 42 ಡೆಸಿಬೆಲ್ ಇದ್ದ ಆಸ್ಪತ್ರೆಗಳ ರಾತ್ರಿ ಸದ್ದು 60ಕ್ಕೆ ಏರಿತ್ತು. ನಮ್ಮ ಜನರಲ್ ವಾರ್ಡುಗಳಲ್ಲಿ ನಡುರಾತ್ರಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ ಕೆಲವು ತಪಾಸಣೆಗಳು ತಪ್ಪವು. ಆದರೆ ಹತ್ತಕ್ಕೆ ಬಿಪಿ, ಹನ್ನೊಂದಕ್ಕೆ ಇಂಜೆಕ್ಷನ್, ಹನ್ನೆರಡಕ್ಕೆ ಟೆಂಪರೇಚರ್ ಎಂದು ಮೂರು ಸಲ ಎಬ್ಬಿಸುವುದರ ಬದಲು ಒಂದೇ ಸಲಕ್ಕೆ ಮುಗಿಸಬಹುದು. ಸಿಸ್ಟರನ್ನು ವಿನಯವಾಗಿ ಕೇಳಿ. ಬಹಳ ಜನ ಒಪ್ಪುತ್ತಾರೆ. ಕಿವಿಗೆ ಇಯರ್‌ಪ್ಲಗ್, ಕಣ್ಣಿಗೆ ಮೆತ್ತನೆಯ ಬಟ್ಟೆ ಇರಲಿ. ಮೊಬೈಲಿನ ಗದ್ದಲ ಮಾತ್ರ ಪೂರ್ತಿ ನಮ್ಮದೇ, ಅದನ್ನು ನಿಲ್ಲಿಸಲು ಯಾವ ಬಜೆಟ್ಟೂ ಬೇಕಿಲ್ಲ.

ಸಿಕ್ಕರೆ ಕಿಟಕಿ ಪಕ್ಕದ ಹಾಸಿಗೆ ಕೇಳಿ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆಸಿಕೊಂಡ 46 ರೋಗಿಗಳ ದಾಖಲೆ ಹೋಲಿಸಿದರು. ಅರ್ಧ ಜನರ ಕಿಟಕಿಯಾಚೆ ಮರಗಳು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಬಲವಾದ ನೋವಿನ ಔಷಧ ಕಡಿಮೆ ತೆಗೆದುಕೊಂಡರು. ಉಲ್ರಿಚ್ ನೆಚ್ಚಿಕೊಂಡ ದಾಖಲೆಗಳಲ್ಲಿ ನರ್ಸುಗಳು ಬರೆದಿಟ್ಟ ದಿನದ ಟಿಪ್ಪಣಿಗಳೂ ಇದ್ದವು. 'ಬೇಸರದಲ್ಲಿದ್ದಾರೆ', 'ಅಳುತ್ತಿದ್ದರು' ಎಂದು ಯಾರೋ ಡ್ಯೂಟಿ ಮುಗಿಯುವ ಹೊತ್ತಿಗೆ ಬರೆದ ಒಂದು ಸಾಲು ವಿಜ್ಞಾನವಾಯಿತು.

ತಾಯಿಗೆ ಗರ್ಭಕೋಶದ ಆಪರೇಷನ್ ನಿಗದಿಯಾಗಿದೆ. ಏನು ಮಾಡ್ತಾರೆ, ನೋವಾಗುತ್ತಾ ಅಂತ ಕೇಳ್ತಾನೇ ಇದ್ದಾರೆ. ಹೆದರಿಕೊಳ್ಳುತ್ತಾರೆ, ಏನೂ ಹೇಳಬೇಡಿ ಅಂತ ಮಾವ ಗದರಿದ್ದಾರೆ. ಯಾವುದು ಸರಿ?
ಓದುಗರು, ಮಂಡ್ಯ

ಕೇಳುತ್ತಿದ್ದಾರೆ ಎಂದಮೇಲೆ ಹೇಳಿ. ಮಾವನವರ ಕಾಳಜಿ ಅರ್ಥವಾಗುತ್ತದೆ, ಆದರೆ ಸಾಕ್ಷ್ಯ ನಿಮ್ಮ ತಾಯಿಯ ಕಡೆಗಿದೆ. ಬ್ರಿಟನ್ನಿನಲ್ಲಿ ಜ್ಯಾಕ್ ಹೇವರ್ಡ್ 1975ರಲ್ಲಿ, ಜೆನಿಫರ್ ಬೋರ್ 1978ರಲ್ಲಿ ಪ್ರಕಟಿಸಿದ ಅಧ್ಯಯನಗಳು ನರ್ಸಿಂಗ್ ಸಂಶೋಧನೆಯಲ್ಲಿ ಇಂದಿಗೂ ಹೆಸರಾದವು. ಆಪರೇಷನ್ನಿಗೆ ಮುಂಚೆ ಕೂರಿಸಿಕೊಂಡು ಬಿಡಿಸಿ ಹೇಳಿದ ರೋಗಿಗಳಲ್ಲಿ ಆಮೇಲಿನ ನೋವು, ಆತಂಕ ಕಡಿಮೆ ಎಂದು ಹೇವರ್ಡ್ ಕಂಡರು. ಬೋರ್ ಇನ್ನೂ ಮುಂದೆ ಹೋಗಿ ಮೂತ್ರದಲ್ಲಿ ಒತ್ತಡದ ಹಾರ್ಮೋನುಗಳ ಅಂಶವನ್ನೇ ಅಳೆದರು. ಮಾಹಿತಿ ಪಡೆದು, ಉಸಿರಾಟ ಮತ್ತು ಕಾಲಿನ ವ್ಯಾಯಾಮ ಕಲಿತವರಲ್ಲಿ ಅದೂ ಕಡಿಮೆ ಇತ್ತು.

ಹೇಗೆ ಹೇಳಬೇಕು ಎಂಬುದಕ್ಕೆ ಅಮೆರಿಕದ ನರ್ಸ್ ಸಂಶೋಧಕಿ ಜೀನ್ ಜಾನ್ಸನ್ 1970ರ ದಶಕದಲ್ಲಿ ದಾರಿ ತೋರಿಸಿದರು. ಬಿಪಿ ಪಟ್ಟಿಯನ್ನು ತೋಳಿಗೆ ಬಿಗಿದು ನೋವುಂಟು ಮಾಡುವ ಪ್ರಯೋಗ ಅದು. ಏನು ಮಾಡುತ್ತಾರೆ ಎಂದಷ್ಟೇ ಕೇಳಿಸಿಕೊಂಡವರಿಗಿಂತ, ತೋಳು ಹೇಗೆ ಜೋಮು ಹಿಡಿಯುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು ಮೊದಲೇ ತಿಳಿದವರು ಕಡಿಮೆ ಸಂಕಟಪಟ್ಟರು. ಹಾಗಾಗಿ ತಾಯಿಗೆ ಕತ್ತರಿ ಹೊಲಿಗೆಯ ವಿವರ ಬೇಡ. ಥಿಯೇಟರ್ ತಣ್ಣಗಿರುತ್ತದೆ, ಬೆನ್ನಿಗೆ ಚುಚ್ಚಿದರೆ ಕಾಲು ಬೆಚ್ಚಗಾಗಿ ಭಾರವಾಗುತ್ತದೆ, ಎಚ್ಚರವಾದಾಗ ಬಾಯಿ ಒಣಗಿರುತ್ತದೆ, ಮೂತ್ರಕ್ಕೆ ನಳಿಕೆ ಹಾಕಿರುವುದರಿಂದ ಹೋಗಬೇಕು ಅನ್ನಿಸುತ್ತದೆ, ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಂಡರೆ ಹಗುರ. ಇದನ್ನು ಸಿಸ್ಟರ್ ಬಾಯಿಂದ ಕೇಳಿಸಿದರೆ ಮಾವನವರಿಗೂ ಸಮಾಧಾನವಾದೀತು.

ನನ್ನ ಯಜಮಾನರಿಗೆ 52. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿ ಎರಡು ತಿಂಗಳಾಯಿತು. ಎಕೋ ಚೆನ್ನಾಗಿದೆ, ಕೆಲಸಕ್ಕೆ ಹೋಗಿ ಅಂದರು ಡಾಕ್ಟರು. ಇವರು ಹೊರಗೇ ಬರುತ್ತಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಾರೆ. ಮಗಳ ಜೊತೆಯೂ ಮಾತಿಲ್ಲ. ಗುಳಿಗೆ ನುಂಗಿ ಏನಾಗಬೇಕಿದೆ ಅಂತಾರೆ. ಗಂಡಸು ಹೀಗೆ ಕೂತರೆ ಹೇಗೆ ಅಂತ ಅತ್ತೆ ಬೈಯುತ್ತಾರೆ.
ಓದುಗರು, ತುಮಕೂರು

ತಂಗೀ, ಇದು ಸೋಮಾರಿತನವಲ್ಲ, ಹೆದರುಪುಕ್ಕಲುತನವೂ ಅಲ್ಲ. ಹೃದಯಾಘಾತದ ನಂತರ ಬರುವ ಖಿನ್ನತೆಯ ಲಕ್ಷಣಗಳು ನಿಮ್ಮ ಪತ್ರದ ಪ್ರತಿ ಸಾಲಿನಲ್ಲಿವೆ. ಅದನ್ನು ಹೃದಯದ ಡಾಕ್ಟರಿಗೆ ಹೇಳಲೇಬೇಕು, ಏಕೆಂದರೆ ಇದು ಹೃದಯಕ್ಕೇ ಸಂಬಂಧಿಸಿದ್ದು. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾದ 222 ಜನರನ್ನು ಆಸ್ಪತ್ರೆಯಲ್ಲೇ ಮಾತನಾಡಿಸಿ ಆರು ತಿಂಗಳು ಗಮನಿಸಿದರು. 1993ರಲ್ಲಿ ಪ್ರಕಟವಾದ ಫಲಿತಾಂಶ ಹೃದಯ ತಜ್ಞರನ್ನು ಬೆಚ್ಚಿಬೀಳಿಸಿತು. ಹೃದಯ ಎಷ್ಟು ದುರ್ಬಲವಾಗಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಖಿನ್ನತೆ ಇದ್ದವರಲ್ಲಿ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು. ಕಾರಣ ಹಲವು. ಖಿನ್ನತೆಯಲ್ಲಿರುವವರು ಗುಳಿಗೆ ತಪ್ಪಿಸುತ್ತಾರೆ, ನಡೆಯುವುದಿಲ್ಲ, ಸಿಗರೇಟಿಗೆ ಮರಳುತ್ತಾರೆ. ನಾಡಿಬಡಿತದ ಲಯ, ರಕ್ತ ಹೆಪ್ಪುಗಟ್ಟುವ ಬಗೆ ಕೂಡ ವ್ಯತ್ಯಾಸವಾಗುತ್ತದೆ.

ಅದೇ ತಂಡ ಮುಂದೆ ಮಾಡಿದ್ದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ನರ್ಸುಗಳು ತಿಂಗಳಿಗೊಮ್ಮೆ ಫೋನ್ ಮಾಡಿ, ರೋಗಿ ಕಳವಳದಲ್ಲಿದ್ದರೆ ಮನೆಗೇ ಹೋಗಿ ಮಾತನಾಡಿದರೆ ಜೀವ ಉಳಿಯಬಹುದಲ್ಲವೇ ಎಂದು 1,376 ರೋಗಿಗಳಲ್ಲಿ ಪರೀಕ್ಷಿಸಿದರು. ಎಂ-ಹಾರ್ಟ್ ಎಂಬ ಆ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಒಟ್ಟಾರೆ ಲಾಭ ಕಾಣಲಿಲ್ಲ. ಹೆಂಗಸರಲ್ಲಂತೂ ನರ್ಸುಗಳ ನಿಗಾದಲ್ಲಿದ್ದ ಗುಂಪಿನಲ್ಲೇ ಸಾವು ಹೆಚ್ಚಿತ್ತು. ಪ್ರೀತಿಯಿಂದ ವಿಚಾರಿಸಿದರೆ ಸಾಕು ಎಂದು ನಂಬಿದ್ದ ನಮ್ಮಂಥವರಿಗೆ ಇದು ನುಂಗಲಾರದ ತುತ್ತು. ಆದರೂ ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರಲ್ಲ, ಅದಕ್ಕಾಗಿ ನಾನು ಆ ತಂಡವನ್ನು ಗೌರವಿಸುತ್ತೇನೆ.

ಇದನ್ನೇಕೆ ನಿಮಗೆ ಹೇಳುತ್ತಿದ್ದೇನೆಂದರೆ, 'ಧೈರ್ಯ ತಗೊಳ್ಳಿ', 'ಏನೂ ಆಗಲ್ಲ' ಎಂದು ದಿನವೂ ಹೇಳುವುದು ಚಿಕಿತ್ಸೆಯಾಗದು. ಮುಂದಿನ ಭೇಟಿಯ ತನಕ ಕಾಯದೆ ಡಾಕ್ಟರನ್ನು ಕಂಡು ಮನೋವೈದ್ಯರ ಅಭಿಪ್ರಾಯ ಕೇಳಿ. ಹೃದಯ ರೋಗಿಗಳಿಗೆ ಹೊಂದುವ ಔಷಧಗಳಿವೆ, ಆಪ್ತಸಮಾಲೋಚನೆ ಇದೆ. ಕಾರ್ಡಿಯಾಕ್ ರಿಹ್ಯಾಬ್ ಇರುವ ಆಸ್ಪತ್ರೆಯಾದರೆ ಸೇರಿಸಿ. ಬೇರೆಯವರ ಎದುರು, ಮೇಲ್ವಿಚಾರಣೆಯಲ್ಲಿ ನಡೆದಾಗ ನಡೆದರೆ ಸಾಯುತ್ತೇನೆ ಎಂಬ ಭಯ ಕರಗುವುದನ್ನು ನಾನು ಕಂಡಿದ್ದೇನೆ. ಬದುಕಿ ಪ್ರಯೋಜನವಿಲ್ಲ ಎನ್ನುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲು ಬಿಡಬೇಡಿ. ಹೊಸ ಸ್ಟೆಂಟ್ ಇರುವಾಗ ರಕ್ತ ತೆಳುವಾಗಿಸುವ ಗುಳಿಗೆ ನಿಂತರೆ ಸ್ಟೆಂಟ್ ಕಟ್ಟಿಕೊಳ್ಳಬಹುದು.

ಅತ್ತೆಗೆ ಲಕ್ವ ಹೊಡೆದು ಒಂದು ವರ್ಷವಾಯಿತು. ಹಾಸಿಗೆಯಲ್ಲೇ ಎಲ್ಲ. ಬೆನ್ನ ಕೆಳಗೆ ಕೆಂಪಾಗಿದೆ. ದಿನಾ ಎಣ್ಣೆ ಹಾಕಿ ತಿಕ್ಕುತ್ತೇನೆ. ಗಾಳಿ ತುಂಬುವ ರಬ್ಬರ್ ರಿಂಗ್ ತಂದಿದ್ದೇವೆ. ಕಡಿಮೆಯಾಗುತ್ತಿಲ್ಲ. ನನ್ನ ಸೊಂಟವೂ ಹೋಗಿದೆ, ಕೆಲವೊಮ್ಮೆ ಸುಮ್ಮನೆ ಅಳು ಬರುತ್ತದೆ.
ಓದುಗರು, ಶಿರಸಿ

ಮೊದಲು ತಿಕ್ಕುವುದನ್ನು ನಿಲ್ಲಿಸಿ. ಕೆಂಪಾದ ಜಾಗದ ಕೆಳಗಿನ ಮಾಂಸ ಆಗಲೇ ರಕ್ತವಿಲ್ಲದೆ ಸೊರಗಿದೆ, ತಿಕ್ಕಿದರೆ ಒಳಗೆ ಇನ್ನಷ್ಟು ಹರಿಯುತ್ತದೆ. ರಿಂಗ್ ಕೂಡ ತೆಗೆದುಬಿಡಿ. ಅದು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಹರಿಯುವುದನ್ನೇ ತಡೆಯುತ್ತದೆ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಕೆಂಪು ಹಾಗೆಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದೆ ಹೋಗಬಹುದು. ಆಗ ಅಕ್ಕಪಕ್ಕಕ್ಕಿಂತ ಬಿಸಿಯೇ, ಗಟ್ಟಿಯೇ ಎಂದು ಕೈಯಿಟ್ಟು ನೋಡಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ತೊಡೆಯ ಮೂಳೆ ಒತ್ತುತ್ತದೆ, ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಎಳೆಯಬೇಡಿ. ಗಟ್ಟಿ ಹಚ್ಚಡವನ್ನು ಅಡ್ಡ ಹಾಸಿ ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ, ನಿಮ್ಮ ಸೊಂಟಕ್ಕೂ ಅದೇ ಒಳ್ಳೆಯದು. ಮೂತ್ರದ ಒದ್ದೆಯಲ್ಲಿ ಬಿಡಬೇಡಿ. ಬೇಳೆ, ಮೊಟ್ಟೆ, ಹಾಲು ಹೆಚ್ಚಿಸಿ. ಚರ್ಮ ಬಿರಿದರೆ, ನೀರುಗುಳ್ಳೆ ಎದ್ದರೆ, ವಾಸನೆ ಬಂದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಾಸಿಗೆ ಹುಣ್ಣು ಶುಶ್ರೂಷಾ ಸಂಶೋಧನೆಯ ಅತಿ ಹಳೆಯ ವಿಷಯಗಳಲ್ಲಿ ಒಂದು. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಜೊತೆಗಾರರು 1962ರಲ್ಲೇ ತೋರಿಸಿದ್ದು, ಹುಣ್ಣನ್ನು ತಡೆಯುವುದು ಹಚ್ಚುವ ಮುಲಾಮಲ್ಲ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು ಎಂದು. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1987ರಲ್ಲಿ ಕೊಟ್ಟ, ಹುಣ್ಣಿನ ಅಪಾಯ ಅಳೆಯುವ ಪಟ್ಟಿ ಇವತ್ತು ಜಗತ್ತಿನ ಹಲವಾರು ಆಸ್ಪತ್ರೆಗಳಲ್ಲಿದೆ.

ಈಗ ನಿಮ್ಮ ಅಳುವಿನ ಮಾತು. ನೀವು ಅದನ್ನು ಪತ್ರದ ಕೊನೆಗೆ, ಅರ್ಧ ಸಾಲಿನಲ್ಲಿ ಬರೆದಿದ್ದೀರಿ. ನಾನು ಅದನ್ನೇ ಮೊದಲು ಓದಿದೆ. ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಅಮೆರಿಕದಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ನಾಲ್ಕು ವರ್ಷ ಗಮನಿಸಿದರು. ಆ ಹೊರೆಯಿಂದ ನಲುಗಿದವರಲ್ಲಿ ಸಾವಿನ ಅಪಾಯ ಇತರರಿಗಿಂತ ಶೇ 63 ಹೆಚ್ಚಿತ್ತು ಎಂದು 1999ರಲ್ಲಿ ಬರೆದರು. ನೀವು ಚಿಕ್ಕವರು, ಆ ಅಂಕಿ ನಿಮಗೆ ಹಾಗೆಯೇ ಅನ್ವಯಿಸದು. ಆದರೆ ಆರೈಕೆ ಮಾಡುವವರ ಮೈಮನಸ್ಸೂ ಸವೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅತ್ತೆಯ ಮಕ್ಕಳು ಎಷ್ಟು ಜನ? ರಾತ್ರಿಯ ಎರಡು ಸರದಿ ಅವರದ್ದಾಗಲಿ. ವಾರದಲ್ಲೊಂದು ಅರ್ಧ ದಿನ ನಿಮ್ಮದಾಗಿರಲಿ. ಸೊಸೆಯಾದವಳು ಇಷ್ಟೂ ಮಾಡಬಾರದೇ ಎನ್ನುವವರಿಗೆ ಈ ಪುಟವನ್ನೇ ಓದಲು ಕೊಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ ಇಡೀ ವಾರ್ಡಿಗೆ ನಾನೊಬ್ಬಳೇ. ರೋಗಿಯ ಕಡೆಯವರು ಬೈಯುತ್ತಾರೆ, ಗುಂಪುಗಟ್ಟುತ್ತಾರೆ. ಇದರ ಬಗ್ಗೆ ಸಂಶೋಧನೆ ಏನಾದರೂ ಹೇಳುತ್ತದೆಯೇ, ಅಥವಾ ನಾವೇ ಸರಿಯಿಲ್ಲವೇ?
ಓದುಗರು, ರಾಯಚೂರು ಜಿಲ್ಲೆ

ನೀವು ಸರಿಯಿದ್ದೀರಿ, ಲೆಕ್ಕ ಸರಿಯಿಲ್ಲ. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಎರಡು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ರೋಗಿಗಳ ದಾಖಲೆ ನೋಡಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. 2014ರಲ್ಲಿ ಯುರೋಪಿನ 9 ದೇಶಗಳಲ್ಲಿ ನೋಡಿದಾಗಲೂ ಅದೇ ಶೇ 7. ಕ್ಯಾಲಿಫೋರ್ನಿಯಾ 1999ರಲ್ಲೇ ಕಾನೂನು ಮಾಡಿ 2004ರಿಂದ ನರ್ಸುಗಳ ಕನಿಷ್ಠ ಸಂಖ್ಯೆಯನ್ನು ಕಡ್ಡಾಯಗೊಳಿಸಿತು. ನಮ್ಮ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಗಳಲ್ಲಿ 3 ರೋಗಿಗೆ ಒಬ್ಬರು, ಉಳಿದೆಡೆ 5ಕ್ಕೆ ಒಬ್ಬರು. ಅದು ಕಾಗದದಲ್ಲಿ ಉಳಿದಿರುವುದು ನಾಚಿಕೆಗೇಡು, ಇದನ್ನು ಆಡಳಿತದ ಮುಂದೆ ಎಷ್ಟು ಸಲವಾದರೂ ಹೇಳಬೇಕು. ರಾತ್ರಿಯ ರೋಗಿಗಳ ಸಂಖ್ಯೆಯನ್ನು ರಿಪೋರ್ಟ್ ಪುಸ್ತಕದಲ್ಲಿ ತಪ್ಪದೆ ಬರೆಯಿರಿ. ಬರೆಯದ ಹೊರೆ ಯಾರಿಗೂ ಕಾಣುವುದಿಲ್ಲ.

ರೋಗಿಯ ಕಡೆಯವರನ್ನು ಮಾತ್ರ ಶತ್ರುಗಳೆಂದು ಎಣಿಸಬೇಡಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಕುಟುಂಬದವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಇರಿಸಿಕೊಂಡು ಆರೈಕೆಯಲ್ಲಿ ಪಾಲುದಾರರನ್ನಾಗಿ ಮಾಡಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಕುಟುಂಬವನ್ನು ಜೊತೆಗಿಟ್ಟುಕೊಂಡೇ ಚಿಕಿತ್ಸೆ ಕೊಡುವುದನ್ನು ಬೆಳೆಸಿತು. ಡ್ಯೂಟಿ ಶುರುವಾದಾಗ ಪ್ರತಿ ಹಾಸಿಗೆಯ ಒಬ್ಬರನ್ನು ಕರೆದು, ಏನಾದರೆ ನಿಮ್ಮನ್ನು ಕೂಗಬೇಕು, ಏನನ್ನು ತಾವೇ ಮಾಡಬಹುದು ಎಂದು ಹೇಳಿ. ಅಷ್ಟಕ್ಕೇ ಅರ್ಧ ಗದ್ದಲ ಅಡಗುತ್ತದೆ.

ನಾನು ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ. ಪ್ರಬಂಧಕ್ಕೆ ವಿಷಯ ಬೇಕು. ಸೀನಿಯರ್‌ಗಳೆಲ್ಲ ಯಾವುದಾದರೂ ಕಾಯಿಲೆ ಬಗ್ಗೆ ತಿಳಿವಳಿಕೆ ಪಾಠ ಮಾಡಿ, ಮೊದಲು ಮತ್ತು ನಂತರ ಅಂಕ ಹೋಲಿಸಿದ್ದಾರೆ. ನಾನೂ ಅದನ್ನೇ ಮಾಡಲೇ?
ಓದುಗರು, ಕಲಬುರಗಿ

ಬೇಡಮ್ಮ. ಪಾಠ ಕೇಳಿದ ಮೇಲೆ ಅಂಕ ಏರುತ್ತದೆ, ಅದು ಎಲ್ಲರಿಗೂ ಗೊತ್ತು. ನಮ್ಮ ಕಾಲೇಜುಗಳ ಕಪಾಟುಗಳಲ್ಲಿ ಅಂಥ ಪ್ರಬಂಧಗಳು ಸಾಲುಸಾಲಾಗಿವೆ. ಅಂಕ ಏರಿದ ರೋಗಿ ಆಮೇಲೆ ಹೇಗಿದ್ದ ಎಂದು ಕೇಳಿದವರು ಕಡಿಮೆ. ನೀವು ಅದನ್ನು ಕೇಳಿ. ಒಂದು ವಾರ ವಾರ್ಡಿನಲ್ಲಿ ಕಣ್ಣು ಬಿಟ್ಟು ಓಡಾಡಿ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ನಿಮ್ಮೂರಿನಲ್ಲಿ, ಫ್ಯಾನ್ ಕೆಳಗಿನ ಹಾಸಿಗೆ ಸಿಕ್ಕವರಿಗೂ ಸಿಗದವರಿಗೂ ನಿದ್ದೆಯಲ್ಲಿ ವ್ಯತ್ಯಾಸವಿದೆಯೇ? ಡಿಸ್ಚಾರ್ಜ್ ಆಗಿ ಹೋದ ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಜನ ತಿಂಗಳ ನಂತರವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ, ಬಿಟ್ಟವರು ಏಕೆ ಬಿಟ್ಟರು?

ಅಳತೆಪಟ್ಟಿಯನ್ನು ಎಚ್ಚರದಿಂದ ಆರಿಸಿ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದರೆ ಶಾಲೆ ಕಾಣದ ಅಜ್ಜಿ ನಿಮ್ಮ ಮುಖ ನೋಡುತ್ತಾಳೆ. 'ರೂಪಾಯಿಗೆ ಎಷ್ಟಾಣೆ ನೋವೈತಿ ಅವ್ವಾ' ಎಂದು ಕೇಳಿ, 'ಹನ್ನೆರಡಾಣೆ' ಎಂದು ಥಟ್ಟನೆ ಹೇಳುತ್ತಾಳೆ. ಹೀಗೆ ಕೇಳಿದ ಉತ್ತರ ಎಷ್ಟು ನಂಬಲರ್ಹ ಎಂದು ಪರೀಕ್ಷಿಸುವುದೇ ಒಂದು ಒಳ್ಳೆಯ ಪ್ರಬಂಧವಾದೀತು. ಸಂಖ್ಯಾಶಾಸ್ತ್ರದವರನ್ನು ಕೊನೆಗಲ್ಲ, ಮಾಹಿತಿ ಸೇರಿಸುವ ಮೊದಲೇ ಕಾಣಿರಿ. ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಒಪ್ಪಿಗೆ ಎರಡೂ ಬೇಕು, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿಯೇ ಹೆಬ್ಬೆಟ್ಟು ಪಡೆಯಬೇಕು. ಕೊನೆಗೆ ವ್ಯತ್ಯಾಸವೇನೂ ಇಲ್ಲ ಎಂದು ಬಂದರೆ ಹಾಗೆಯೇ ಬರೆಯಿರಿ. ಎಂ-ಹಾರ್ಟ್‌ನವರು ಬರೆದರಲ್ಲ. ಗೈಡ್ ಒಪ್ಪುವುದಿಲ್ಲ ಎನ್ನಿಸಿದರೆ ಅವರನ್ನೂ ಕರೆದುಕೊಂಡು ಒಂದು ರಾತ್ರಿ ವಾರ್ಡಿಗೆ ಹೋಗಿ.